ಎರವಲು ಗ್ಲೌಸ್

ಭಾನುವಾರ ಬೆಳಿಗ್ಗೆ ತರಕಾರಿ ಚೀಲ ಹಿಡಿದು ಹೊರಟವರು ದಾರಿಯಲ್ಲಿ ಮೈದಾನ ಸಿಕ್ಕರೆ ಒಂದು ಓವರಾದರೂ ನೋಡದೆ ಮುಂದೆ ಹೋಗುವುದು ಕಷ್ಟ. ಬಡಾವಣೆ ಬಡಾವಣೆಗಳ ನಡುವಿನ ಈ ಪಂದ್ಯಗಳಲ್ಲಿ ಬ್ಯಾಟು ಎರಡೋ ಮೂರೋ ಇರುತ್ತವೆ. ಪ್ಯಾಡು ಎಡಗಾಲಿಗೊಂದು ಬಣ್ಣದ್ದು, ಬಲಗಾಲಿಗೊಂದು ಬಣ್ಣದ್ದು. ಕೀಪರ್ ಗ್ಲೌಸ್ ಮಾತ್ರ ಎರಡೂ ತಂಡಕ್ಕೆ ಸೇರಿ ಒಂದೇ ಜೊತೆ. ಒಂದು ತಂಡದ ಫೀಲ್ಡಿಂಗ್ ಮುಗಿಯುತ್ತಲೇ ಅದರ ಕೀಪರ್ ಬೆವರಿಗೆ ಒದ್ದೆಯಾದ ಗ್ಲೌಸನ್ನು ಕಳಚಿ ಎದುರು ತಂಡದ ಹುಡುಗನ ಕಡೆ ಎಸೆಯುತ್ತಾನೆ. ಅವನು ಮುಖ ಸಿಂಡರಿಸದೆ ಅದನ್ನೇ ತೊಟ್ಟುಕೊಂಡು ಸ್ಟಂಪಿನ ಹಿಂದೆ ಹೋಗಿ ಕೂರುತ್ತಾನೆ. ಅರ್ಧ ಗಂಟೆಯ ಕೆಳಗೆ ತನ್ನನ್ನೇ ಸ್ಟಂಪ್ ಮಾಡಿದ ಗ್ಲೌಸು ಇದು ಎಂಬ ಮುನಿಸು ಅವನಿಗಿಲ್ಲ. ಬೇರೆ ಗ್ಲೌಸ್ ಇಲ್ಲ, ಅಷ್ಟೆ.

ಹನ್ನೊಂದು ಜನರ ತಂಡದಲ್ಲಿ ವಿಕೆಟ್ ಕೀಪರನ ಜಾಗ ಸ್ವಲ್ಪ ವಿಚಿತ್ರವಾದದ್ದು. ಬ್ಯಾಟ್ಸ್‌ಮನ್ನರಿಗೆ ಐದಾರು ಜಾಗಗಳಿವೆ. ಆರಂಭಕ್ಕೆ ಒಗ್ಗದವನು ಐದನೆಯವನಾಗಿ ಒಗ್ಗಬಹುದು. ಬೌಲರುಗಳಿಗೂ ನಾಲ್ಕು ಬಾಗಿಲುಗಳಿವೆ. ಕೀಪರನಿಗೆ ಒಂದೇ. ಒಬ್ಬ ಒಳಗೆ ಬಂದನೆಂದರೆ ಇನ್ನೊಬ್ಬ ಹೊರಗೆ ನಡೆದನೆಂದೇ ಲೆಕ್ಕ. ಕೆಲಸವೇನು ಹಗುರವೇ? ದಿನಕ್ಕೆ 90 ಓವರ್ ಎಂದರೆ 540 ಸಲ ಕುಕ್ಕರಗಾಲಲ್ಲಿ ಕೂತು ಏಳಬೇಕು. ಅಷ್ಟಾದ ಮೇಲೂ ಆಯ್ಕೆದಾರರು ಕೇಳುವ ಮೊದಲ ಪ್ರಶ್ನೆ, ‘ರನ್ ಎಷ್ಟು ಹೊಡೆಯುತ್ತಾನೆ?’ ಎಂದು. ಬರಿಯ ಕೀಪರ್ ಸಾಲದು, ಕೀಪರ್-ಬ್ಯಾಟ್ಸ್‌ಮನ್ ಬೇಕು ಎಂಬುದು ಇಂದು ನಿನ್ನೆಯ ಬೇಡಿಕೆಯಲ್ಲ. ಅರವತ್ತು ವರ್ಷಗಳ ಹಿಂದೆ ಆ ಬೇಡಿಕೆಯಿಂದಲೇ ತಂಡಕ್ಕೆ ಬಂದ, ಅದೇ ಬೇಡಿಕೆಯ ನಡುವೆಯೇ ಮತ್ತೆ ಮತ್ತೆ ಹೊರಗೆ ನಿಂತ ನಮ್ಮ ಕರಾವಳಿಯ ಒಬ್ಬರ ಬದುಕು ಈಚೆಗೆ ನನ್ನ ಮನಸ್ಸಿನಲ್ಲಿ ಓಡಾಡುತ್ತಿದೆ.

ಬುಧಿಸಾಗರ ಕೃಷ್ಣಪ್ಪ ಕುಂದರನ್ ಹುಟ್ಟಿದ್ದು 1939ರ ಅಕ್ಟೋಬರ್ 2ರಂದು, ಮೂಲ್ಕಿಯಲ್ಲಿ. ಬೆಳೆದದ್ದು ಮುಂಬೈಯಲ್ಲಿ. ಕರಾವಳಿಯ ಎಷ್ಟೋ ಸಂಸಾರಗಳು ಹೊಟ್ಟೆಪಾಡಿಗೆ ಹಿಡಿದ ದಾರಿಯದು. ಆ ಕಾಲದಲ್ಲಿ ಮುಂಬೈಯಲ್ಲಿ ನೆಂಟರಿಲ್ಲದ ಮನೆ ನಮ್ಮ ಕರಾವಳಿಯಲ್ಲಿ ಹುಡುಕಿದರೂ ಸಿಗುತ್ತಿರಲಿಲ್ಲ. ಮನೆ ಚಿಕ್ಕದು, ಜನ ಹೆಚ್ಚು. ತಂದೆಗೆ ಮಗನ ಕ್ರಿಕೆಟ್ ಹುಚ್ಚು ಹಿಡಿಸುತ್ತಿರಲಿಲ್ಲ. ಶಾಲೆಯ ಮೊದಲ ಪಂದ್ಯಕ್ಕೆ ಬಿಳಿ ಬಟ್ಟೆ ಬೇಕಾದಾಗ ತಾಯಿ ಗಂಡನ ಬಟ್ಟೆಯನ್ನೇ ಮಗನ ಅಳತೆಗೆ ಹೊಲಿದು ಕೊಟ್ಟರಂತೆ. ಆ ಬಟ್ಟೆಯಲ್ಲಿ ಹುಡುಗ 219 ರನ್ ಹೊಡೆದು ಬಂದ ಎಂದು ಅವರ ಬಗ್ಗೆ ಬರೆದವರೆಲ್ಲ ಹೇಳುತ್ತಾರೆ. ತಂದೆ ಅದಕ್ಕೇನೆಂದರೋ, ಗೃಹಸ್ಥರಾದ ನಾವು ನೀವು ಊಹಿಸಿಕೊಳ್ಳಬಹುದು. ಬೀರುವಿನಲ್ಲಿ ಒಂದು ಜೊತೆ ಬಟ್ಟೆ ಕಡಿಮೆಯಾಗಿದ್ದಂತೂ ಅವರಿಗೆ ಗೊತ್ತಾಗಿಯೇ ಇರುತ್ತದೆ.

1960ರ ಜನವರಿ 1ರಂದು ಮುಂಬೈಯ ಬ್ರೆಬೋರ್ನ್ ಕ್ರೀಡಾಂಗಣದಲ್ಲಿ ಆಸ್ಟ್ರೇಲಿಯದ ಎದುರು ಮೂರನೆಯ ಟೆಸ್ಟ್ ಶುರುವಾಗಬೇಕಿತ್ತು. ಇಪ್ಪತ್ತು ವರ್ಷದ ಕುಂದರನ್ ತಂಡದಲ್ಲಿದ್ದರು. ಅಲ್ಲಿಯವರೆಗೆ ಒಂದೇ ಒಂದು ರಣಜಿ ಪಂದ್ಯವನ್ನೂ ಆಡಿದವರಲ್ಲ. ಮಾರನೆಯ ದಿನ ರಿಚೀ ಬೆನೊ ಅವರ ತಂಡವನ್ನು ಎದುರಿಸಬೇಕಾದ ಹುಡುಗ, ಕಿಕ್ಕಿರಿದ ಕೋಣೆಯಲ್ಲಿ ನಿದ್ದೆ ಬಾರದೆಂದು ಆ ರಾತ್ರಿಯನ್ನು ಮನೆ ಹತ್ತಿರದ ಉದ್ಯಾನದಲ್ಲಿ ಮಲಗಿ ಕಳೆದರೆಂಬ ಕತೆಯೂ ಉಂಟು. ಈಗಿನ ಆಟಗಾರರ ತಾರಾ ಹೋಟೆಲುಗಳನ್ನು ನೆನೆದು ನಿಟ್ಟುಸಿರು ಬಿಡುವ ಅಗತ್ಯವಿಲ್ಲ. ಬಡತನವನ್ನು ಹಾಗೆ ಕೊಂಡಾಡುವುದು ನನಗೆ ಒಗ್ಗದ ಕೆಲಸ. ಮನೆಯಲ್ಲಿ ಜಾಗವಿರಲಿಲ್ಲ, ಉದ್ಯಾನದಲ್ಲಿ ಇತ್ತು.

ಜಾಗದ ಪ್ರಶ್ನೆ ತಂಡದಲ್ಲಿಯೂ ಇತ್ತು. ಕುಂದರನ್ ಅವರಿಗೆ ಜಾಗ ಸಿಕ್ಕಿದ್ದು ನರೇನ್ ತಮ್ಹಾಣೆ ಅವರನ್ನು ಕೈಬಿಟ್ಟದ್ದರಿಂದ. ತಮ್ಹಾಣೆ ಆ ಕಾಲದ ಅತ್ಯಂತ ನಿಪುಣ ಕೀಪರುಗಳಲ್ಲಿ ಒಬ್ಬರು. 1954–55ರಲ್ಲಿ ಪಾಕಿಸ್ತಾನದ ನೆಲದಲ್ಲಿ, ತಮ್ಮ ಮೊದಲ ಸರಣಿಯಲ್ಲೇ, ಐದು ಟೆಸ್ಟ್‌ಗಳಲ್ಲಿ 19 ಮಂದಿಯನ್ನು ಔಟ್ ಮಾಡಿದವರು. ಗ್ಲೌಸ್ ತೊಟ್ಟರೆ ಸದ್ದೇ ಇಲ್ಲದ ಕೆಲಸ. ಆದರೆ ಬ್ಯಾಟು ಹಿಡಿದರೆ ಸರಾಸರಿ ಹತ್ತರ ಆಸುಪಾಸು. ಇದಕ್ಕಿಂತ ನೋವಿನ ವಿಷಯ ಇನ್ನೊಂದಿದೆ. ಆ ಮುಂಬೈ ಟೆಸ್ಟ್‌ಗೆ ಒಂದೇ ವಾರದ ಹಿಂದೆ, ಡಿಸೆಂಬರ್ 24ರಂದು, ಕಾನ್ಪುರದಲ್ಲಿ ಭಾರತ ಮೊಟ್ಟಮೊದಲ ಬಾರಿಗೆ ಆಸ್ಟ್ರೇಲಿಯವನ್ನು ಸೋಲಿಸಿತ್ತು. ಜಸು ಪಟೇಲ್ ಒಂದೇ ಇನಿಂಗ್ಸಿನಲ್ಲಿ 9, ಪಂದ್ಯದಲ್ಲಿ 14 ವಿಕೆಟ್ ಕಿತ್ತು ದೇಶಕ್ಕೆ ದೇಶವೇ ಕುಣಿದಾಡಿದ ಪಂದ್ಯವದು. ಆ ಗೆದ್ದ ತಂಡದಲ್ಲಿ ಸ್ಟಂಪಿನ ಹಿಂದೆ ಕೂತವರು ಇದೇ ತಮ್ಹಾಣೆ. ಗೆಲುವಿನ ಸಿಹಿ ಬಾಯಲ್ಲಿರುವಾಗಲೇ ಮುಂದಿನ ಪಂದ್ಯಕ್ಕೆ ನೀವು ಬೇಡ ಎಂದರು.

ಬಂದ ಹುಡುಗನ ಬಳಿ ಟೆಸ್ಟ್ ಆಡಲು ತಕ್ಕ ಗ್ಲೌಸ್ ಇರಲಿಲ್ಲ. ತಮ್ಹಾಣೆ ತಮ್ಮದನ್ನೇ ಕೊಟ್ಟರು. ಕುಂದರನ್ ತಮ್ಮ ಮೊದಲ ಟೆಸ್ಟ್‌ನಲ್ಲಿ ಕೀಪಿಂಗ್ ಮಾಡಿದ್ದು ತಾವು ಯಾರ ಜಾಗಕ್ಕೆ ಬಂದರೋ ಅವರದೇ ಗ್ಲೌಸ್ ತೊಟ್ಟು.

ಈ ಸಂಗತಿಯ ಮುಂದೆ ನಾನು ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಕೀಪರ್ ಗ್ಲೌಸ್ ಎಂದರೆ ಛತ್ರಿಯಂತೆ ಯಾರು ಬೇಕಾದರೂ ಹಿಡಿದು ಹೋಗುವ ವಸ್ತುವಲ್ಲ. ಹೊಸ ಗ್ಲೌಸಿನ ಚರ್ಮ ಗಡುಸು. ಚೆಂಡು ಅದರಲ್ಲಿ ನಿಲ್ಲುವುದಿಲ್ಲ, ಪುಟಿದು ಹೊರಗೆ ಹಾರುತ್ತದೆ. ವಾರಗಟ್ಟಲೆ, ತಿಂಗಳುಗಟ್ಟಲೆ ನೆಟ್ಸ್‌ನಲ್ಲಿ ಚೆಂಡು ಹಿಡಿದು ಹಿಡಿದು ಅಂಗೈಯ ಗುಳಿಯನ್ನು ಪಳಗಿಸಬೇಕು. ಬೆರಳುಗಳು ಯಾವ ಕೋನಕ್ಕೆ ಬಾಗುತ್ತವೆಯೋ ಗ್ಲೌಸೂ ಆ ಕೋನಕ್ಕೆ ಬಾಗಲು ಕಲಿಯಬೇಕು. ಹಾಗೆ ಪಳಗಿಸಿದ್ದನ್ನು, ತನ್ನ ಅನ್ನದ ತಟ್ಟೆಗೆ ಕೈಹಾಕಿದವನು ಎಂದು ತಿಳಿಯಬಹುದಾಗಿದ್ದ ಹುಡುಗನಿಗೆ ಕೊಡುವುದೆಂದರೆ ಅವನು ಚೆನ್ನಾಗಿ ಆಡಲಿ ಎಂದು ಕೊಡುವುದೇ. ಅವನು ಚೆನ್ನಾಗಿ ಆಡಿದಷ್ಟೂ ತಾನು ಮರಳಿ ಬರುವ ದಾರಿ ಕಿರಿದಾಗುತ್ತದೆ. ಇದು ಯಾರಿಗಾದರೂ ತಿಳಿಯುವ ಲೆಕ್ಕ. ಬೆನ್ನು ತಟ್ಟಿ ‘ಒಳ್ಳೆಯದಾಗಲಿ’ ಎಂದಿದ್ದರೆ ಸಾಕಿತ್ತು. ಲೋಕ ಅಷ್ಟನ್ನೇ ದೊಡ್ಡತನವೆಂದು ಒಪ್ಪಿಕೊಳ್ಳುತ್ತಿತ್ತು. ಆದರೆ ಹಾರೈಕೆ ತೊಟ್ಟುಕೊಂಡು ಎದುರಾಳಿ ವೇಗಿ ರೇ ಲಿಂಡ್‌ವಾಲರ ಚೆಂಡನ್ನಾಗಲಿ ನಮ್ಮದೇ ಬೌಲರ್ ಬಾಪು ನಾಡಕರ್ಣಿಯವರ ಚೆಂಡನ್ನಾಗಲಿ ಎದುರಿಸಲಾಗದು. ಲಿಂಡ್‌ವಾಲರಿಗೆ ಬ್ಯಾಟು ಬೇಕು, ನಾಡಕರ್ಣಿಯವರಿಗೆ ಗ್ಲೌಸ್ ಬೇಕು.

ತಮ್ಹಾಣೆಯವರ ಮನಸ್ಸಿನಲ್ಲಿ ಮಾತ್ಸರ್ಯವೇ ಇರಲಿಲ್ಲ ಎಂದು ನಾನು ಹೇಳುತ್ತಿಲ್ಲ. ಇದ್ದಿರಲೂಬಹುದು, ಮನುಷ್ಯರು ತಾನೆ. ಮನಸ್ಸು ಪೂರ್ತಿ ತಿಳಿಯಾದ ಮೇಲೆಯೇ ಒಳ್ಳೆಯದನ್ನು ಮಾಡಬೇಕೆಂದು ಕಾದರೆ ಪಂದ್ಯ ಮುಗಿದು ಹೋಗಿರುತ್ತದೆ. ಬೆಳಿಗ್ಗೆ ಆಟ ಶುರುವಾಗುವ ಹೊತ್ತಿಗೆ ಗ್ಲೌಸ್ ಹುಡುಗನ ಕೈಯಲ್ಲಿತ್ತೇ ಎಂಬುದಷ್ಟೇ ಪ್ರಶ್ನೆ. ಇತ್ತು.

ಸರ್ಕಾರಿ ಕಚೇರಿಗಳಲ್ಲಿ ವರ್ಗವಾಗಿ ಹೋಗುವವರು ಬಂದವರಿಗೆ ಚಾರ್ಜ್ ಕೊಡುವುದನ್ನು ನಿಮ್ಮಲ್ಲಿ ಹಲವರು ಕಂಡಿದ್ದೀರಿ, ಕೆಲವರು ಕೊಟ್ಟೂ ಇದ್ದೀರಿ. ಕೀಲಿಕೈ ಗೊಂಚಲು, ರಿಜಿಸ್ಟರು, ಸೀಲು, ಮೇಜು ಕುರ್ಚಿ ಎಲ್ಲವೂ ಪಟ್ಟಿಯಾಗಿ ಸಹಿ ಬೀಳುತ್ತದೆ. ಮೂಲೆಯ ಬೀರುವಿನ ಬೀಗವನ್ನು ಸ್ವಲ್ಪ ಮೇಲಕ್ಕೆತ್ತಿ ತಿರುಗಿಸಿದರೆ ಮಾತ್ರ ತೆಗೆಯುತ್ತದೆ ಎಂಬುದು ಪಟ್ಟಿಯಲ್ಲಿರುವುದಿಲ್ಲ. ಪಿಂಚಣಿ ವಿಚಾರಿಸಲು ಬರುವ ಯಾವ ಅಜ್ಜಿಗೆ ಕಿವಿ ಮಂದ, ಯಾವ ಕಡತ ಎರಡು ಸಲ ನೆನಪಿಸದೆ ಮೇಲಿನಿಂದ ಇಳಿಯುವುದಿಲ್ಲ ಎಂಬುದೂ ಇರುವುದಿಲ್ಲ. ಕೆಲವರು ಸಹಿ ಹಾಕಿ ಚೀಲ ಹೆಗಲಿಗೇರಿಸಿ ಹೊರಟುಬಿಡುತ್ತಾರೆ. ನಿಯಮದ ಪ್ರಕಾರ ಅವರದೇನೂ ತಪ್ಪಿಲ್ಲ. ಇನ್ನು ಕೆಲವರು ಬಸ್ಸಿಗೆ ತಡವಾದರೂ ಕೂತು, ಒಂದು ಹಾಳೆಯಲ್ಲಿ ಇದನ್ನೆಲ್ಲ ಬರೆದು ಡ್ರಾಯರಿನಲ್ಲಿಟ್ಟು ಹೋಗುತ್ತಾರೆ. ಹೊಸಬರು ತಡವರಿಸಿದರೆ ‘ಹಳೆಯ ರಾಯರೇ ಚೆನ್ನಾಗಿದ್ದರು’ ಎಂಬ ಹೊಗಳಿಕೆ ತಮಗೆ ಬರುತ್ತದೆಂದು ಅವರಿಗೆ ಗೊತ್ತಿಲ್ಲದೆ ಏನಿಲ್ಲ. ಆ ಹೊಗಳಿಕೆಯನ್ನು ಬಿಟ್ಟುಕೊಟ್ಟು ಹೋಗುತ್ತಾರೆ. ಅಜ್ಜಿಗೆ ಇವರಿಬ್ಬರಲ್ಲಿ ಯಾರು ದೊಡ್ಡವರೆಂಬುದು ಬೇಕಾಗಿಲ್ಲ. ತಿಂಗಳಿಗೆ ಸರಿಯಾಗಿ ಹಣ ಕೈಸೇರಿದರೆ ಸಾಕು.

ಕುಂದರನ್ ಕತೆಗೆ ಮರಳೋಣ. ಮುಂದಿನ ಟೆಸ್ಟ್ ಮದ್ರಾಸಿನಲ್ಲಿ. ಅವರನ್ನು ಆರಂಭಿಕನಾಗಿ ಇಳಿಸಿದರು. ಭಾರತ 149ಕ್ಕೆ ಮುಗಿದಾಗ ಅದರಲ್ಲಿ 71 ಅವರದೇ. ಇದಾದ ಮೇಲೆ ರೈಲ್ವೇಸ್ ಪರವಾಗಿ ಮೊದಲ ರಣಜಿ ಪಂದ್ಯ ಆಡಿದರು, ಜಮ್ಮು-ಕಾಶ್ಮೀರದ ಎದುರು, 205 ರನ್. ಮೊದಲು ಟೆಸ್ಟ್, ಆಮೇಲೆ ರಣಜಿ! ಇಷ್ಟಾದರೂ ಜಾಗ ಭದ್ರವಾಯಿತೇ ಎಂದರೆ ಇಲ್ಲ. ಮುಂದಿನ ಋತುವಿನಲ್ಲಿ ಪಾಕಿಸ್ತಾನ ಬಂದಾಗ ಐದು ಟೆಸ್ಟ್‌ಗಳಿಗೆ ಮೂವರು ಕೀಪರುಗಳು: ಮೊದಲು ಜೋಶಿ, ನಂತರ ಎರಡು ಪಂದ್ಯಕ್ಕೆ ಮತ್ತದೇ ತಮ್ಹಾಣೆ, ಕೊನೆಯ ಎರಡಕ್ಕೆ ಕುಂದರನ್. ಗ್ಲೌಸ್ ಕೊಟ್ಟವರು ಮರಳಿ ಬಂದರು, ಪಡೆದವರು ಹೊರಗೆ ಕೂತರು, ಪುನಃ ಅದಲುಬದಲಾಯಿತು. ತಮ್ಹಾಣೆಯವರ ಟೆಸ್ಟ್ ಬದುಕು ಅಲ್ಲಿಗೆ 21 ಪಂದ್ಯಗಳಲ್ಲಿ ಮುಗಿಯಿತು. ಮುಂದೊಂದು ದಿನ ಅವರು ರಾಷ್ಟ್ರೀಯ ತಂಡದ ಆಯ್ಕೆದಾರರಾದರು. ಒಬ್ಬನನ್ನು ಕರೆದು ಇನ್ನೊಬ್ಬನನ್ನು ಕೈಬಿಡುವುದು ಈಗ ಅವರ ಕೆಲಸವಾಯಿತು.

1964ರ ಜನವರಿ 10, ಮದ್ರಾಸು, ಇಂಗ್ಲೆಂಡಿನ ಎದುರು ಮೊದಲ ಟೆಸ್ಟ್. ಕೀಪರನಾಗಿ ಆಡಬೇಕಿದ್ದವರು ಫರೂಕ್ ಇಂಜಿನಿಯರ್. ಅವರು ಹಿಂದೆ ಸರಿಯಬೇಕಾಗಿ ಬಂದು ಕುಂದರನ್ ಅವರಿಗೆ ಕರೆ ಬಂತು. ಆ ಕಾಲದ ಭಾರತದ ಆರಂಭಿಕರು ಊಟದವರೆಗೆ ವಿಕೆಟ್ ಉಳಿಸಿಕೊಂಡರೆ ಅದೇ ದೊಡ್ಡದೆಂದು ತಿಳಿದವರು. ಈ ಮನುಷ್ಯ ದಿನದ ಕೊನೆಗೆ ಔಟಾಗದೆ 170 ಮಾಡಿ ಬಂದರು. ಮರುದಿನ 192ಕ್ಕೆ ಔಟಾದರು, 31 ಬೌಂಡರಿಗಳು. ಭಾರತದ ಕೀಪರನೊಬ್ಬ ಗಳಿಸಿದ ಅತಿ ಹೆಚ್ಚು ರನ್ ಅದೇ ಆಗಿ 49 ವರ್ಷ ಉಳಿಯಿತು. 2013ರಲ್ಲಿ ಅದೇ ಊರಿನಲ್ಲಿ ಧೋನಿ 224 ಹೊಡೆಯುವವರೆಗೆ. 1964ರ ಆ ಪಂದ್ಯದಲ್ಲೇ ಬಾಪು ನಾಡಕರ್ಣಿ ಸತತ 21 ಮೇಡನ್ ಓವರ್ ಎಸೆದದ್ದು. 32 ಓವರುಗಳಲ್ಲಿ ಅವರು ಕೊಟ್ಟದ್ದು ಬರೀ 5 ರನ್. ಚೆಂಡು ಬಿದ್ದಲ್ಲೇ ಬೀಳುತ್ತದೆ, ಬ್ಯಾಟ್ಸ್‌ಮನ್ ತಡೆಯುತ್ತಾನೆ, ಯಾರಿಗೂ ಏನೂ ಆಗುವುದಿಲ್ಲ. ಆ 192ರ ದಣಿವಿನ ಕಾಲುಗಳನ್ನು ಹೊತ್ತು ಅಷ್ಟೂ ಓವರುಗಳಿಗೆ ಸ್ಟಂಪಿನ ಹಿಂದೆ ಕೂತು ಎದ್ದವರೂ ಕುಂದರನ್ನರೇ. ದಾಖಲೆಯ ಪುಸ್ತಕದಲ್ಲಿ ನಾಡಕರ್ಣಿಯವರ ಮೇಡನ್‌ಗಳಿಗೆ ಒಂದು ಸಾಲಿದೆ. ಅಷ್ಟು ಹೊತ್ತು ಎದುರಿಗೆ ಕುಕ್ಕರಗಾಲಲ್ಲಿದ್ದವರಿಗೆ ಇಲ್ಲ. ಇದು ನನ್ನ ದೂರಲ್ಲ. ಪಂಕ್ತಿಯಲ್ಲಿ ಬಡಿಸುವವರಿಗೂ ಎಲೆ ಹಾಕುವುದು ಕೊನೆಯಲ್ಲೇ.

ಆ ಸರಣಿಯಲ್ಲಿ ಅವರು ಒಟ್ಟು 525 ರನ್ ಗಳಿಸಿದರು. ದೆಹಲಿಯಲ್ಲಿ ಇನ್ನೊಂದು ಶತಕವೂ ಬಂತು. ಟೆಸ್ಟ್ ಸರಣಿಯೊಂದರಲ್ಲಿ ಯಾವ ದೇಶದ ಕೀಪರನೂ ಅದುವರೆಗೆ 500 ದಾಟಿರಲಿಲ್ಲ. ಅದೇ ವರ್ಷ ಆಸ್ಟ್ರೇಲಿಯ ಬಂದಾಗ? ಮೂರು ಟೆಸ್ಟ್‌ಗಳಲ್ಲಿ ಒಂದಕ್ಕೂ ಅವರನ್ನು ಕರೆಯಲಿಲ್ಲ. ಇಂದ್ರಜಿತ್‌ಸಿಂಹಜಿ ಆಡಿದರು. ನ್ಯೂಜಿಲೆಂಡ್ ಬಂದಾಗ ಇಂಜಿನಿಯರ್ ಆಡಿದರು. ಇದು ಅನ್ಯಾಯವೇ ಎಂದು ನೀವು ಕೇಳಿದರೆ, ಹೌದು, ಅನ್ಯಾಯವೇ ಎಂದು ನನ್ನ ಉತ್ತರ. ಇದನ್ನು ನುಣುಪು ಮಾತಿನಲ್ಲಿ ಮುಚ್ಚುವುದು ಬೇಡ. ಆದರೆ 1966ರ ಕೊನೆಗೆ ವೆಸ್ಟ್ ಇಂಡೀಸ್ ಎದುರು ಮತ್ತೆ ಕರೆದಾಗ ಮುಂಬೈಯಲ್ಲಿ 79 ರನ್ ಬಾರಿಸಿದರು. ಅದಾದ ಒಂದು ಪಂದ್ಯದ ಬಳಿಕ ಮದ್ರಾಸಿನಲ್ಲಿ ಇಂಜಿನಿಯರ್ ಬಂದು ಊಟದ ಮೊದಲೇ 94 ಮಾಡಿಬಿಟ್ಟರು. ಅಲ್ಲಿಗೆ ತಕ್ಕಡಿ ಒಂದು ಕಡೆಗೆ ವಾಲಿತು. ಇಬ್ಬರೂ ಹೊಡೆತದ ಮೋಜು ಬಲ್ಲ ಆಟಗಾರರು, ಒಂದೇ ಜಾಗ.

1967ರ ಇಂಗ್ಲೆಂಡ್ ಪ್ರವಾಸದಲ್ಲಿ ಇಬ್ಬರೂ ಒಟ್ಟಿಗೆ ಆಡಿದ ಪ್ರಸಂಗವಿದೆ. ಎಜ್‌ಬಾಸ್ಟನ್ ಟೆಸ್ಟ್. ವೇಗದ ಬೌಲರುಗಳು ಗಾಯಗೊಂಡು ಬೇಡಿ, ಚಂದ್ರಶೇಖರ್, ಪ್ರಸನ್ನ, ವೆಂಕಟರಾಘವನ್ ನಾಲ್ವರೂ ಒಂದೇ ತಂಡದಲ್ಲಿ ಆಡಿದರು. ಆ ನಾಲ್ವರೂ ಕೂಡಿ ಆಡಿದ ಏಕಮಾತ್ರ ಟೆಸ್ಟ್ ಅದು. ಗ್ಲೌಸ್ ಇಂಜಿನಿಯರ್ ಕೈಯಲ್ಲಿ. ಕುಂದರನ್ ಬ್ಯಾಟಿಂಗ್ ಆರಂಭಿಸಿದ್ದಲ್ಲದೆ, ಹೊಸ ಚೆಂಡಿನ ಹೊಳಪು ತೆಗೆಯುವವರಾರೂ ಇಲ್ಲವೆಂದು ನಮ್ಮ ಮೈಸೂರಿನ ವಿ. ಸುಬ್ರಹ್ಮಣ್ಯ ಅವರೊಂದಿಗೆ ಬೌಲಿಂಗನ್ನೂ ಆರಂಭಿಸಿದರು. ನಾಯಕ ಪಟೌಡಿ ‘ಎಂಥ ಚೆಂಡು ಹಾಕುತ್ತೀರಿ?’ ಎಂದು ಕೇಳಿದರಂತೆ. ‘ಗೊತ್ತಿಲ್ಲ’ ಎಂದರಂತೆ ಕುಂದರನ್. ಈ ಉತ್ತರ ನನಗೆ ಬಹಳ ಇಷ್ಟ. ಇದು ನನ್ನ ಕೆಲಸವಲ್ಲ ಎಂದು ಮುಖ ತಿರುಗಿಸಲಿಲ್ಲ, ಎಲ್ಲ ಬಲ್ಲೆ ಎಂದೂ ಕೊಚ್ಚಿಕೊಳ್ಳಲಿಲ್ಲ. ವಿಕೆಟ್ ಸಿಗಲಿಲ್ಲ. ಅದೇ ಅವರ ಹದಿನೆಂಟನೆಯ ಹಾಗೂ ಕೊನೆಯ ಟೆಸ್ಟ್. ಒಟ್ಟು 981 ರನ್, ಸರಾಸರಿ 32ಕ್ಕೂ ಮೇಲೆ. ಇಂಜಿನಿಯರ್ 46 ಟೆಸ್ಟ್ ಆಡಿ ಮುಗಿಸಿದಾಗಲೂ ಸರಾಸರಿ 31ರ ಮೇಲಷ್ಟೇ ಇತ್ತು. ಇದನ್ನು ಜಗಳಕ್ಕೆಂದು ಹೇಳಲಿಲ್ಲ, ಗೊತ್ತಿರಲಿ ಎಂದು.

ಆ ಇಂಜಿನಿಯರ್ ಹಿಂದೆ ಇನ್ನೊಬ್ಬರು ಕಾದು ನಿಂತಿದ್ದರು. ಬೆಂಗಳೂರಿನ ಸೈಯದ್ ಕಿರ್ಮಾನಿ 1971ರಲ್ಲೇ ಇಂಗ್ಲೆಂಡಿಗೆ ಹೋದರು, 1974ರಲ್ಲಿ ಮತ್ತೆ ಹೋದರು. ಮೊದಲ ಟೆಸ್ಟ್ ಸಿಕ್ಕಿದ್ದು 1976ರ ಜನವರಿಯಲ್ಲಿ, ಆಕ್ಲೆಂಡಿನಲ್ಲಿ. ಬೀದಿಯಲ್ಲಿ ಆಡುವಾಗ ಗ್ಲೌಸ್ ಇಲ್ಲದೆ ಇಟ್ಟಿಗೆ ಹಿಡಿದು ಕೀಪಿಂಗ್ ಮಾಡುತ್ತಿದ್ದೆ ಎಂದು ಅವರೇ ಹೇಳಿಕೊಂಡಿದ್ದಾರೆ. 88 ಟೆಸ್ಟ್, 198 ಬಲಿ, 1983ರ ವಿಶ್ವಕಪ್, ಕಪಿಲ್ ದೇವ್ 175 ಹೊಡೆದ ದಿನ ಇನ್ನೊಂದು ತುದಿಯಲ್ಲಿ ಔಟಾಗದೆ 24, ಇವೆಲ್ಲ ನಿಮಗೆ ಗೊತ್ತಿರುವುದೇ. ಅವರ ಜಾಗಕ್ಕೆ ಆಮೇಲೆ ಕಿರಣ್ ಮೋರೆ ಬಂದರು. 2003ರ ವಿಶ್ವಕಪ್ಪಿನಲ್ಲಿ ತಂಡದ ಸಮತೋಲಕ್ಕೆಂದು ನಮ್ಮ ದ್ರಾವಿಡ್ ಗ್ಲೌಸ್ ತೊಟ್ಟಾಗ ಎಲ್ಲರೂ ಅವರ ತ್ಯಾಗವನ್ನು ಹೊಗಳಿದೆವು, ಹೊಗಳಬೇಕಾದದ್ದೇ. ಆ ಇಡೀ ಟೂರ್ನಿಯಲ್ಲಿ ಒಂದೂ ಪಂದ್ಯ ಆಡದೆ ನೀರು ಹೊತ್ತ ಹದಿನೇಳರ ಪಾರ್ಥಿವ್ ಪಟೇಲ್ ಅವರನ್ನು ನೆನೆದವರು ಕಡಿಮೆ.

ಕುಂದರನ್ ಅರವತ್ತರ ದಶಕದ ಉತ್ತರಾರ್ಧದಲ್ಲಿ ಮೈಸೂರು ತಂಡಕ್ಕೂ ಆಡಿದರು. ಹುಟ್ಟಿದ ನಾಡಿಗೆ ಅಷ್ಟು ಋಣ ಸಂದಿತು. ಬಳಿಕ ಸ್ಕಾಟ್‌ಲೆಂಡಿಗೆ ಹೋದರು. ಗ್ಲಾಸ್ಗೊ ಬಳಿಯ ಕೋಟ್‌ಬ್ರಿಜ್ ಊರಿನ ಡ್ರಂಪೆಲಿಯರ್ ಕ್ಲಬ್ಬಿಗೆ ವೃತ್ತಿಪರ ಆಟಗಾರನಾಗಿ ಸೇರಿ ಅಲ್ಲೇ ನೆಲೆಸಿದರು. ಅಂಥ ಕ್ಲಬ್ಬುಗಳ ವೃತ್ತಿಪರನೆಂದರೆ ಶನಿವಾರ ಪಂದ್ಯ ಆಡಿ ಮುಗಿಸಿದರೆ ಆಗಲಿಲ್ಲ. ವಾರದ ಸಂಜೆಗಳಲ್ಲಿ ಊರ ಹುಡುಗರಿಗೆ ಬ್ಯಾಟು ಹಿಡಿಯುವುದನ್ನು, ಚೆಂಡು ಹಿಡಿಯುವುದನ್ನು ಕಲಿಸಬೇಕು. ಮಳೆಯ ನಾಡಿನ ಬೇಸಿಗೆ ಚಿಕ್ಕದು. ಸಿಕ್ಕ ಬೆಳಕಿನಲ್ಲಿ ಕಲಿಸಬೇಕು. ನಲವತ್ತು ದಾಟಿದ ಮೇಲೆ ಸ್ಕಾಟ್‌ಲೆಂಡ್ ತಂಡದ ಪರವಾಗಿ ಬೆನ್ಸನ್ ಅಂಡ್ ಹೆಡ್ಜಸ್ ಕಪ್ ಪಂದ್ಯಗಳಲ್ಲೂ ಆಡಿ ಇಂಗ್ಲಿಷ್ ಕೌಂಟಿಗಳನ್ನು ಎದುರಿಸಿದರು. 2006ರ ಜೂನ್ 23ರಂದು ಗ್ಲಾಸ್ಗೊದಲ್ಲಿ ತೀರಿಕೊಂಡರು.

ಏಳು ವರ್ಷದ ನಂತರ ಧೋನಿ 192 ದಾಟಿದಾಗ, ಹಳೆಯ ದಾಖಲೆ ಯಾರದಿತ್ತು ಎಂಬ ಮಾತಿಗೆ ಕುಂದರನ್ ಹೆಸರು ಮತ್ತೆ ಹೊರಗೆ ಬಂತು. ಯಾರು ಇವರು, ತಮಿಳರೇ, ಮಲಯಾಳಿಗಳೇ ಎಂದು ಮನೆಯ ಹುಡುಗರು ಕೇಳಿದರೆ, ಅಲ್ಲಪ್ಪ, ಮೂಲ್ಕಿಯವರು, ಮಂಗಳೂರಿನಿಂದ ಉಡುಪಿಗೆ ಹೋಗುವ ದಾರಿಯಲ್ಲಿ ನೀವು ಬಸ್ಸಿನ ಕಿಟಕಿಯಿಂದ ಎಷ್ಟೋ ಸಲ ನೋಡಿದ ಊರು ಎಂದು ಹೇಳಿ. ತಮ್ಹಾಣೆಯವರ ಹೆಸರನ್ನೂ ಜೊತೆಗೆ ಹೇಳಿ.